ದೊಡ್ಡದರ ತಟ್ಟೆಗೆ ಹಸಿ ಮಾಂಸ

ನಮ್ಮ ಮನೆಯಲ್ಲಿ ಎರಡು ನಾಯಿಗಳಿವೆ. ಹೆಸರಿಟ್ಟಿದ್ದರೂ ನಾವು ಕರೆಯುವುದು ದೊಡ್ಡದು, ಚಿಕ್ಕದು ಎಂದೇ. ಚಿಕ್ಕದು ಊರಿನದೇ ನಾಯಿ, ಮರಿಯಾಗಿದ್ದಾಗ ನಮ್ಮ ಹಿಪ್ಪುನೇರಳೆ ತೋಟದ ಬದುವಿನಲ್ಲಿ ಸಿಕ್ಕಿದ್ದು. ದೊಡ್ಡದು ಲ್ಯಾಬ್ರಡಾರ್. ಶ್ರೀನಿವಾಸಪುರದಲ್ಲಿ ನಾನು ಪಾಠ ಮಾಡುವ ಹೈಸ್ಕೂಲಿನ ಸಹೋದ್ಯೋಗಿಯೊಬ್ಬರಿಗೆ ದೂರದ ಊರಿಗೆ ವರ್ಗವಾಯಿತು. "ನಿಮ್ಮದು ಹಳ್ಳಿ, ಓಡಾಡೋಕೆ ಜಾಗ ಇದೆ. ನೀವೇ ಇಟ್ಕೊಳ್ಳಿ ಮೇಡಂ" ಎಂದು ಕಣ್ಣಲ್ಲಿ ನೀರು ತುಂಬಿಕೊಂಡು ಅವರು ಒಪ್ಪಿಸಿಹೋದ ನಾಯಿ ಅದು. ಯಲ್ದೂರಿನ ಹತ್ತಿರದ ನಮ್ಮೂರಿಗೆ ಅದು ಬಂದದ್ದು ಕಾರಿನ ಹಿಂದಿನ ಸೀಟಿನಲ್ಲಿ. ಪಕ್ಕದಲ್ಲಿ ಅದು ತಿನ್ನುವ ಒಣ ಕಾಳಿನಂಥ ಪ್ಯಾಕೆಟ್ ಆಹಾರದ ಚೀಲ.

ಬಂದಾಗಲೇ ಅದಕ್ಕೆ ತುರಿಕೆ ಇತ್ತು. ಹಗಲೆಲ್ಲಾ ಗೋಡೆಗೆ ಮೈ ಉಜ್ಜುತ್ತಿತ್ತು. ಸೊಂಟದ ಮೇಲಿನ ಕೂದಲು ಉದುರಿ ಚರ್ಮ ಕೆಂಪಗೆ ಕಾಣುತ್ತಿತ್ತು, ಕಿವಿಯಿಂದ ಹುಳಿ ವಾಸನೆ ಬರುತ್ತಿತ್ತು. ಕೋಲಾರದ ಪಶುವೈದ್ಯೆಯೊಬ್ಬರಿಗೆ ತೋರಿಸಿದೆವು. ಮಾತ್ರೆ ಕೊಟ್ಟಷ್ಟು ದಿನ ಕಡಿಮೆಯಾಗುತ್ತಿತ್ತು, ನಿಲ್ಲಿಸಿದರೆ ಮತ್ತೆ ಮೊದಲಿನಂತೆಯೇ. ನಾನು ತರಗತಿಯಲ್ಲಿದ್ದಾಗಲೂ ಆ ಕೆರೆದುಕೊಳ್ಳುವ ಸದ್ದು ಕಿವಿಯಲ್ಲೇ ಇರುತ್ತಿತ್ತು.

ಕೊನೆಗೊಂದು ದಿನ ಡಾಕ್ಟರು, "ಇದಕ್ಕೆ ತಿನ್ನೋದೇ ಒಗ್ತಿಲ್ವೇನೋ ಅಂತ ನನ್ನ ಅನುಮಾನ. ಊಟ ಬದಲಾಯಿಸಿ ನೋಡೋಣ" ಎಂದರು.

ನಾಯಿಗಳಿಗೆ ಹಸಿ ಮಾಂಸ ಕೊಡುವವರ ವಿಡಿಯೋಗಳನ್ನು ನಾನು ಮೊಬೈಲಿನಲ್ಲಿ ನೋಡಿದ್ದೆ. ಅಳುಕುತ್ತಲೇ ಕೇಳಿದೆ. ಅವರು ಹೂಂ ಎನ್ನಲಿಲ್ಲ, ಬೇಡ ಎಂದೂ ಹೇಳಲಿಲ್ಲ. "ಕೆಲವು ನಾಯಿಗೆ ಒಗ್ಗುತ್ತೆ, ಕೆಲವಕ್ಕೆ ಒಗ್ಗಲ್ಲ. ಹಸಿ ಮಾಂಸದಲ್ಲಿ ಕ್ರಿಮಿ ಇರುತ್ತೆ ಮೇಡಂ, ನಾಯಿಗಿಂತ ನಿಮ್ಮ ಮನೆಯವರಿಗೇ ಅಪಾಯ. ಮಾಡೋದಾದ್ರೆ ಚಾಕು, ಪಾತ್ರೆ ಎಲ್ಲಾ ಬೇರೆ ಇಟ್ಕೊಳ್ಳಿ. ಬೇಯಿಸಿದ ಮೂಳೆ ಮಾತ್ರ ಯಾವತ್ತೂ ಹಾಕಬೇಡಿ, ಚೂರಾಗಿ ಗಂಟಲಿಗೆ ಚುಚ್ಚುತ್ತೆ. ನಿಧಾನಕ್ಕೆ ಶುರು ಮಾಡಿ" ಎಂದರು.

ಮನೆಗೆ ಬಂದು ವಿಷಯ ಹೇಳಿದಾಗ ಅತ್ತೆ ರಾಗಿ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟರು.

"ಏನೇ, ನಾವೇ ಬೇಯ್ಸ್ಕೊಂಡು ತಿಂತೀವಿ, ನಾಯಿಗೆ ಹಸೀದು ಹಾಕ್ತೀಯಾ? ಒಂದ್ಸಲ ರಕ್ತದ ರುಚಿ ಹತ್ತಿತು ಅಂದ್ರೆ ಮುಗೀತು. ನನ್ ಕೋಳಿ ಒಂದೂ ಉಳಿಯಲ್ಲ ಕಣೇ."

ಅವರ ಭಯ ಸುಳ್ಳಲ್ಲ. ನಾಟಿ ಕೋಳಿಗಳೆಂದರೆ ಅವರಿಗೆ ಪ್ರಾಣ. ಅದರ ಮೇಲೆ ಮನೆಯ ಹಿಂದೆ ರೇಷ್ಮೆ ಹುಳ ಸಾಕುವ ಕೋಣೆಯಿದೆ. ಅಲ್ಲಿಯ ಶುಚಿಯ ವಿಷಯದಲ್ಲಿ ಅವರು ಯಾರಿಗೂ ಸಡಿಲ ಬಿಟ್ಟವರಲ್ಲ, ಕೈಕಾಲು ತೊಳೆಯದೆ ಹೊಸಿಲು ದಾಟಿದರೆ ಮಗನನ್ನೂ ಬೈಯುತ್ತಿದ್ದರು.

ನನ್ನ ಗಂಡ ನಡುವೆ ಬಾಯಿ ಹಾಕಿದರು. "ಅಮ್ಮಾ, ಅದು ಕೆರ್ಕೊಳ್ಳೋದನ್ನ ನೋಡಕ್ಕಾಗಲ್ಲ. ಸ್ವಲ್ಪ ದಿನ ನೋಡೋಣ ಬಿಡು."

"ನೋಡ್ಕೊಳ್ಳಿ. ಆದ್ರೆ ಆ ಕೈಯಲ್ಲಿ ಹುಳದ ಮನೆ ಕಡೆ ಬಂದ್ರೆ ಸುಮ್ನಿರಲ್ಲ."

ಹಾಗಾಗಿ ಕೊಟ್ಟಿಗೆಯ ಹಿಂದೆ ಒಂದು ಕಲ್ಲು ಚಪ್ಪಡಿ ಹಾಕಿ, ಅದೇ ನಾಯಿಗಳ ಊಟದ ಜಾಗವೆಂದು ಗೊತ್ತುಮಾಡಿದೆವು. ಯಲ್ದೂರಿನ ಕೋಳಿ ಅಂಗಡಿಯಿಂದ ಕತ್ತು, ಕಂದನಕಾಯಿ ಎನ್ನುವ ಕೋಳಿಯ ಜಠರ, ಸ್ವಲ್ಪ ಲಿವರ್ ತಂದೆ. ಒಂದಕ್ಕೆ ಹಾಕಿ ಇನ್ನೊಂದನ್ನು ಬಿಡಲು ಮನಸ್ಸಾಗದೆ ಎರಡಕ್ಕೂ ಹಾಕಿದೆ. ಚಿಕ್ಕದು ಅಗಿಯುವ ಗೋಜಿಗೇ ಹೋಗದೆ ಗುಳುಂ ಎನಿಸಿ, ಅತ್ತೆ ನೋಡುತ್ತಿದ್ದಂತೆಯೇ ಅವರ ತುಳಸಿ ಗಿಡದ ಪಕ್ಕದಲ್ಲಿ ಎಲ್ಲವನ್ನೂ ಕಕ್ಕಿತು. ದೊಡ್ಡದು ತಟ್ಟೆಯನ್ನು ಮೂಸಿ ನನ್ನ ಮುಖ ನೋಡಿತು. ಮತ್ತೆ ಮೂಸಿತು. ಆಮೇಲೆ ಒಂದು ಕತ್ತನ್ನು ಮೆಲ್ಲಗೆ ಬಾಯಲ್ಲಿ ಕಚ್ಚಿಕೊಂಡು ಹೋಗಿ, ಮುಂಗಾಲುಗಳ ನಡುವೆ ಇಟ್ಟುಕೊಂಡು ನೆಕ್ಕತೊಡಗಿತು. ಅದನ್ನು ಕಡಿಯಬೇಕೆಂದು ತಿಳಿಯಲು ಬಹಳ ಹೊತ್ತು ಬೇಕಾಯಿತು. ತಿಳಿದ ಮೇಲೆ ಮಾತ್ರ ತಲೆ ಎತ್ತಲಿಲ್ಲ.

ಆ ಖುಷಿಯಲ್ಲಿ ನಾನು ಆತುರಪಟ್ಟು ಪ್ಯಾಕೆಟ್ ಆಹಾರವನ್ನು ಪೂರ್ತಿ ನಿಲ್ಲಿಸಿಬಿಟ್ಟೆ. ದೊಡ್ಡದಕ್ಕೆ ಭೇದಿ ಶುರುವಾಯಿತು. ಅಂಗಳ ತೊಳೆದು ತೊಳೆದು ನನ್ನ ಸೊಂಟ ಬಿದ್ದುಹೋಯಿತು. ಅತ್ತೆ ಕೊಡಕ್ಕೆ ಕೊಡ ನೀರು ತಂದುಕೊಟ್ಟರು. ಬೈದಿದ್ದರೇ ಚೆನ್ನಾಗಿತ್ತು. ಫೋನ್ ಮಾಡಿದಾಗ ಡಾಕ್ಟರು ನಕ್ಕರು. "ನಿಧಾನಕ್ಕೆ ಅಂದಿದ್ನಲ್ಲ ಮೇಡಂ! ಎರಡು ದಿನ ಸಿಹಿಗುಂಬಳ ಬೇಯಿಸಿ ಅನ್ನದ ಜೊತೆ ಹಾಕಿ. ಹೊಟ್ಟೆ ಸರಿಹೋದ ಮೇಲೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ."

ಹಾಗೇ ಮಾಡಿದೆ. ದೊಡ್ಡದಕ್ಕೆ ಒಗ್ಗಿತು. ಚಿಕ್ಕದಕ್ಕೆ ಎಷ್ಟು ಸಲ ಪ್ರಯತ್ನಿಸಿದರೂ ಒಗ್ಗಲಿಲ್ಲ, ಪ್ರತಿ ಸಲವೂ ವಾಂತಿ. ಕಡೆಗೆ ಅತ್ತೆಯೇ, "ಅದು ನಮ್ಮ ಮಣ್ಣಲ್ಲಿ ಹುಟ್ಟಿದ ಜೀವ, ಮುದ್ದೆ ತಿಂದು ಬೆಳೆದಿದೆ. ಅದನ್ನ ನನಗೆ ಬಿಡು" ಎಂದು ತೆಗೆದುಕೊಂಡರು. ಉಪ್ಪು ಖಾರ ಹಾಕದೆ ಕುರಿಯ ಬೋಟಿ ಬೇಯಿಸಿ, ಆ ನೀರಿನಲ್ಲಿ ರಾಗಿಮುದ್ದೆ ಕಿವುಚಿ ಹಾಕುತ್ತಿದ್ದರು. ಚಿಕ್ಕದು ತಟ್ಟೆಯನ್ನು ಅಂಗಳದ ತುಂಬಾ ತಳ್ಳಿಕೊಂಡು ಹೋಗಿ ನೆಕ್ಕುತ್ತಿತ್ತು. ನನಗೂ ಅದೇ ಸರಿ ಅನ್ನಿಸಿತು.

ಒಂದು ಶನಿವಾರ ನನಗೆ ಅರ್ಧ ದಿನದ ಶಾಲೆ. ಗಂಡ ಟೊಮೇಟೊ ಹೇರಿಕೊಂಡು ಕೋಲಾರದ ಮಾರುಕಟ್ಟೆಗೆ ಹೋಗಿದ್ದರು. ನಾನು ಬರುವಷ್ಟರಲ್ಲಿ ಅತ್ತೆ ದೊಡ್ಡದಕ್ಕೆ ತಾವೇ ಮಾಂಸ ಹಾಕಿ, ಕೊಟ್ಟಿಗೆಯ ಹಿಂದೆ ಕೈಯಲ್ಲಿ ಕೋಲು ಹಿಡಿದು ಕೂತಿದ್ದರು. ಕೋಳಿಗೂಡಿನ ಬಾಗಿಲು ತೆರೆದಿತ್ತು.

"ಏನತ್ತೆ ಇದು?"

"ಇವತ್ತು ಗೊತ್ತಾಗೇ ಹೋಗ್ಲಿ. ಎಷ್ಟು ದಿನ ಅಂತ ಭಯ ಪಟ್ಕೊಂಡಿರೋದು?"

ಅಷ್ಟರಲ್ಲಿ ಹೇಂಟೆಯೊಂದು ಮರಿಗಳನ್ನು ಕರೆದುಕೊಂಡು ನೇರವಾಗಿ ತಟ್ಟೆಯ ಹತ್ತಿರವೇ ಬಂತು. ದೊಡ್ಡದು ತಲೆ ಎತ್ತಿತು. ಅತ್ತೆ ಕೋಲು ಎತ್ತಿಕೊಂಡು ಎದ್ದು ನಿಂತರು. ಹೇಂಟೆ ಪುಕ್ಕ ಕೆದರಿಕೊಂಡು ಮುನ್ನುಗ್ಗಿತು. ದೊಡ್ಡದು ಎರಡು ಹೆಜ್ಜೆ ಹಿಂದೆ ಸರಿದು ಕುಕ್ಕರಿಸಿತು. ಹೇಂಟೆ ತಟ್ಟೆಗೆ ಕೊಕ್ಕು ಹಾಕಿ, ಲಿವರಿನ ಚೂರೊಂದನ್ನು ಕಚ್ಚಿಕೊಂಡು ಓಡಿತು. ಮರಿಗಳೆಲ್ಲಾ ಅದರ ಹಿಂದೆ. ದೊಡ್ಡದು ಅತ್ತೆಯತ್ತ ನೋಡಿ ಸಣ್ಣಗೆ ಕುಂಯ್ ಎಂದಿತು.

ಅತ್ತೆ ನಕ್ಕರು ನೋಡಿ! ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. "ಏನ್ ನಾಯಿನೇ ಇದು! ಕೋಳೀನೇ ಇದರ ಊಟ ಕಿತ್ಕೊಂಡು ಹೋಯ್ತಲ್ಲೇ!" ಅವರ ತವರು ಆಂಧ್ರದ ಗಡಿಯ ಕಡೆ. ಪ್ರೀತಿ ಬಂದಾಗ ಬಾಯಿಂದ ತೆಲುಗೇ ಬರುವುದು. ತಟ್ಟೆಯನ್ನು ದೊಡ್ಡದರ ಮುಂದಕ್ಕೆ ತಳ್ಳಿ, "ತಿನು ನಾಯನಾ, ತಿನು" ಎಂದರು, ಮಗುವಿಗೆ ತಿನ್ನಪ್ಪಾ ಎನ್ನುವಂತೆ.

ಹಾಗೆಂದು ನಂಬಿಕೆ ಪೂರ್ತಿ ಬರಲಿಲ್ಲ. ಊಟದ ಹೊತ್ತಿಗೆ ಕೋಳಿಗಳನ್ನು ಗೂಡಿಗೆ ಹಾಕುವುದನ್ನು ಅವರು ಈಗಲೂ ಬಿಟ್ಟಿಲ್ಲ. ಕೇಳಿದರೆ, "ನಾಯಿ ಊಟ ನಾಯಿಗಿರಲಿ ಅಂತ" ಎನ್ನುತ್ತಾರೆ.

ಬೇಸಿಗೆ ರಜೆ ಶುರುವಾಗಿತ್ತು. ಒಂದು ಬೆಳಿಗ್ಗೆ ದೊಡ್ಡದರ ಮೈ ಬಾಚುತ್ತಿದ್ದಾಗ ಸೊಂಟದ ಬೋಳು ಜಾಗದಲ್ಲಿ ಬೆರಳಿಗೆ ಮೃದುವಾಗಿ ಏನೋ ತಗುಲಿತು. ಬಿಸಿಲಿಗೆ ತಿರುಗಿಸಿ ನೋಡಿದೆ. ಎಳೆಯ ಕೂದಲು. ನಾನು ಕೂಗಿದ ಕೂಗಿಗೆ ಗಂಡ ಓಡಿಬಂದರು, ಹುಳದ ಮನೆಯಿಂದ ಅತ್ತೆಯೂ ಬಂದರು. ಅಲ್ಲಿಯವರೆಗೆ ಆ ನಾಯಿಯನ್ನು ಮುಟ್ಟದಿದ್ದವರು ಬಗ್ಗಿ, ಆ ಜಾಗವನ್ನು ಸವರಿ ನೋಡಿದರು. ಆಮೇಲೆ ಹೋಗಿ ಸೋಪು ಹಾಕಿ ಮೊಣಕೈವರೆಗೂ ಕೈ ತೊಳೆದುಕೊಂಡರು.

ಕೋಲಾರದ ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, "ಊಟದಿಂದಲೇ ವಾಸಿಯಾಯ್ತು ಅಂತ ಖಂಡಿತವಾಗಿ ಹೇಳಕ್ಕಾಗಲ್ಲ. ಜೊತೆಗೆ ಕೊಡ್ತಿದ್ದ ಔಷಧಿನೂ ಕೆಲಸ ಮಾಡಿರಬಹುದು. ಆದ್ರೆ ಒಳ್ಳೇದಾಗ್ತಿದೆ, ಹೀಗೇ ಮುಂದುವರಿಸಿ. ಆಗಾಗ ತಂದು ತೋರಿಸ್ತಾ ಇರಿ" ಎಂದರು. ಕಿವಿಯೊಳಗಿನ ಹುಣ್ಣು ವಾಸಿಯಾಗಿದೆ, ಇಷ್ಟು ದಿನ ಬೇಡವೆಂದಿದ್ದ ನೀರಿಗೆ ಇನ್ನು ಇಳಿಸಬಹುದು ಎಂದೂ ಹೇಳಿದರು.

ಆ ವರ್ಷ ಮಳೆ ಚೆನ್ನಾಗಿ ಬಂದು ಊರ ಕೆರೆ ತುಂಬಿತ್ತು. ಒಂದು ಸಂಜೆ ಎಲ್ಲರೂ ಏರಿಯ ಮೇಲೆ ನಡೆದುಹೋಗುತ್ತಿದ್ದೆವು. ದೊಡ್ಡದು ಗಕ್ಕನೆ ನಿಂತು, ಕಿವಿ ನಿಗುರಿಸಿ, ಒಂದೇ ನೆಗೆತಕ್ಕೆ ನೀರಿಗೆ ಬಿತ್ತು.

"ಲೇ, ಹಿಡಿಯೋ ಅದನ್ನ! ಮುಳುಗೋಗುತ್ತೆ!" ಅತ್ತೆ ಮಗನ ತೋಳು ಹಿಡಿದು ಎಳೆದರು.

"ಅಮ್ಮಾ, ಅದು ನಮಗಿಂತ ಚೆನ್ನಾಗಿ ಈಜುತ್ತೆ, ನೋಡು."

ನೀರಿನ ಮೇಲೆ ತಲೆಯೊಂದೇ ಕಾಣುತ್ತಿತ್ತು. ದೊಡ್ಡದು ಬಾತುಕೋಳಿಯಷ್ಟು ಸಲೀಸಾಗಿ ಒಂದು ಸುತ್ತು ಹೋಗಿ ಬಂತು. ಚಿಕ್ಕದು ದಡದಲ್ಲಿ ಅತ್ತಿಂದಿತ್ತ ಓಡಾಡುತ್ತಾ ಬೊಗಳುತ್ತಿತ್ತು. ಮೇಲೆ ಬಂದ ದೊಡ್ಡದು ನಮ್ಮ ಮಧ್ಯೆಯೇ ನಿಂತು ಮೈ ಕೊಡವಿತು. ಅತ್ತೆಯ ಸೀರೆಯೆಲ್ಲಾ ಕೆರೆ ನೀರು. ಬೈಯಲು ಬಾಯಿ ತೆರೆದವರು ಸೆರಗು ಹಿಂಡಿಕೊಳ್ಳತೊಡಗಿದರು. ದೊಡ್ಡದು ಆಗಲೇ ಮತ್ತೆ ನೀರಿಗಿಳಿದಿತ್ತು.