ಇಬ್ಬರು ಕೆಲಸಗಾರರ ಬಿಲ್ಲು

ಜನವರಿ ಚಳಿಯಲ್ಲಿ ಅಮೆರಿಕದ ಮಾರಿಸ್‌ಟೌನಿನ ನಮ್ಮ ಮನೆಯ ಹೀಟಿಂಗ್ ಕೆಟ್ಟಿತು. ರಿಪೇರಿಗೆ ಬಂದವನು ಬೇಸ್‌ಮೆಂಟಿಗೆ ಇಳಿದು, ಒಂದು ಸಣ್ಣ ಪಾರ್ಟ್ ಬದಲಾಯಿಸಿ, ಅರ್ಧ ಗಂಟೆಯಲ್ಲಿ ಹೊರಟ. ಮೈಸೂರಿನಿಂದ ಬಂದಿದ್ದ ನನ್ನ ಮಾವ ಅಷ್ಟು ಹೊತ್ತೂ ಪಕ್ಕದಲ್ಲಿ ನಿಂತು ಅವನಿಗೆ ಟಾರ್ಚ್ ಹಿಡಿದಿದ್ದರು.

ಮರುದಿನ ಬಂದ ಬಿಲ್ಲು ಒಂಬೈನೂರು ಡಾಲರ್, ರಿಪೇರಿ ಕಂಪನಿಯವರು ಮೊದಲು ಹೇಳಿದ್ದರ ಸುಮಾರು ಎರಡರಷ್ಟು. ಒಂದೊಂದೇ ಸಾಲು ಓದಿದೆ. ‘ಕೆಲಸಗಾರರು ಇಬ್ಬರು’ ಎಂದಿತ್ತು. ಕಂಪನಿಗೆ ಫೋನ್ ಮಾಡಿದೆ.

“ನಮ್ಮ ಮನೆಗೆ ಬಂದದ್ದು ಒಬ್ಬರೇ.”

“ಇಲ್ಲ ಮೇಡಂ, ಹೆಲ್ಪರ್ ಟಾರ್ಚ್ ಹಿಡಿದಿರುವ ಫೋಟೋ ನಮ್ಮವನು ಕಳಿಸಿದ್ದಾನೆ,” ಎಂದಳು ಆಫೀಸಿನಾಕೆ.

“ಸೊಂಟಕ್ಕೆ ಬಿಳಿ ಬಟ್ಟೆ ಸುತ್ತಿಕೊಂಡಿದ್ದಾರಾ?”

“ಹೌದು.”

“ಅದು ಪಂಚೆ. ಅವರು ನನ್ನ ಮಾವ, ರಿಟೈರ್ ಆದ ಹೆಡ್‌ಮಾಸ್ಟರ್. ನೀವು ಅವರಿಗೆ ಸಂಬಳ ಕೊಟ್ಟಿದ್ದರೆ ಹೇಳಿ, ಈಗಲೇ ಬಿಲ್ ಕಟ್ಟುತ್ತೇನೆ.”

ಆಕೆ ಫೋನನ್ನು ಮ್ಯಾನೇಜರಿಗೆ ಕೊಟ್ಟಳು. ಅವನು ಕ್ಷಮೆ ಕೇಳಿ, ಹೆಲ್ಪರ್ ಹೆಸರಿನ ನಾನೂರು ಡಾಲರ್ ತೆಗೆಸಿದ.

ಗೆದ್ದ ಖುಷಿಯಲ್ಲಿ ಮಾವನಿಗೆ ಹೇಳಿದೆ. “ಅಲ್ಲಮ್ಮ, ನನ್ನ ಲೆಕ್ಕಕ್ಕೆ ಎಷ್ಟು ಹಾಕಿದ್ರು?” ಎಂದು ಕೇಳಿದರು. ಹೇಳಿದೆ. ಅದು ಅವರ ಕೊನೆಯ ತಿಂಗಳ ಸಂಬಳಕ್ಕಿಂತ ಹೆಚ್ಚಂತೆ. ಅದನ್ನು ಸುಮ್ಮನೆ ಬಿಟ್ಟುಕೊಟ್ಟವಳು ನಾನೇ ಎನ್ನುವ ಹಾಗೆ ನೋಡಿದರು.