ಮೂರನೇ ಸೀಟಿನ ಷರಾ

ನಾನು ಓದಿದ್ದು ಮೂರನೇ ಕ್ಲಾಸು. ಎಪ್ಪತ್ತರ ದಶಕದಲ್ಲಿ ಮದ್ದೂರು ಬಸ್ ನಿಲ್ದಾಣದಲ್ಲಿ ಸೀಟು ಬರೆಯುತ್ತಿದ್ದ ನನ್ನ ಯಜಮಾನರಿಗೆ ಲಕ್ವ ಹೊಡೆಯಿತು. ಅವರ ಮೇಜಿನ ಮುಂದೆ ನಾನು ಕೂತೆ. ಮಳವಳ್ಳಿಯಿಂದ ಮದ್ದೂರಿನ ಮೇಲೆ ಬೆಂಗಳೂರಿಗೆ ಹೋಗುವ ಖಾಸಗಿ ಬಸ್ಸು.

ನಾನು ಹೆಸರು ಬರೆಯುತ್ತಿರಲಿಲ್ಲ. ಒಂದೂರಿಗೆ ಹತ್ತು ಜನ ಒಂದೇ ಹೆಸರಿನವರು. ಹೆಂಗಸರಂತೂ ಗಂಡನ ಹೆಸರು ಹೇಳುವವರಲ್ಲ. ಯಾವ ಊರು, ಯಾರ ಮನೆಯವರು ಎಂದು ಬರೆದು, ಕೊನೆಯ ಕಾಲಮ್ಮಿನಲ್ಲಿ ಷರಾ ಹಾಕುತ್ತಿದ್ದೆ. ‘ಬಸುರಿ, ಚಕ್ರದ ಮೇಲೆ ಬೇಡ.’ ‘ವಾಂತಿ, ಕಿಟಕಿ.’ ಕಂಡಕ್ಟರನಿಗೆ ಬೇಕಾಗಿದ್ದುದು ಅದೇ.

ಆ ವರ್ಷ ಬಸ್ಸಿನಲ್ಲಿ ಎರಡು ಸರ ಕಳುವಾದವು. ಠಾಣೆಯಿಂದ ಒಬ್ಬ ಪೇದೆ ದಿನಾ ಸಂಜೆ ಬಂದು ಬುಕ್ಕು ಒಯ್ದು, ಬೆಳಿಗ್ಗೆ ವಾಪಸು ತರತೊಡಗಿದ.

“ಒಂದಕ್ಸರ ಅಳಿಸಂಗಿಲ್ಲ ಕಣಕ್ಕ, ಸರ್ಕಾರಿ ಕೆಲ್ಸ” ಎಂದ.

ಸರ ಕಳೆದುಕೊಂಡವಳು ನೆಲಕ್ಕೆ ಬಿದ್ದು ಅತ್ತಿದ್ದನ್ನು ನೋಡಿದ್ದೆ. ಕೊಡುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಕಳ್ಳನೂ ಮುಂಚೆಯೇ ಬಂದು, ಕಿಟಕಿ ಕೇಳಿ, ಸೀಟು ಬರೆಸುತ್ತಾನೆ ಎಂದು ಠಾಣೆಯವರು ನಂಬಿದ್ದರೆ ನಂಬಲಿ ಎಂದುಕೊಂಡೆ.

ಹಾಗಿರುವಾಗ ಒಬ್ಬ ಹುಡುಗಿ ಬಂದಳು. ತವರು ಮದ್ದೂರು, ಗಂಡನ ಊರು ನಿಡಘಟ್ಟ. ಮೂರು ಹೆಣ್ಣು ಹೆತ್ತಿದ್ದಳು, ಮೂರನೆಯದರಲ್ಲಿ ಸತ್ತು ಬದುಕಿದ್ದಳು. ಇನ್ನೊಂದಾದರೆ ಉಳಿಯುವುದಿಲ್ಲ ಎಂದಿದ್ದರಂತೆ ಡಾಕ್ಟರು. ಅತ್ತೆಗೆ ಗಂಡು ಬೇಕು. ಗಂಡ ಇನ್ನು ಮಕ್ಕಳು ಬೇಡವೆಂದು ಒಳಗೊಳಗೇ ಒಪ್ಪಿ, ಅವ್ವನ ಮುಂದೆ ಮೂಗನಾಗಿದ್ದ.

“ಬೆಂಗ್ಳೂರಲ್ಲಿ ಆಪ್ರೇಸನ್ ಮಾಡಿಸ್ಕತೀನಿ ಕಣವ್ವ. ಬಸ್ಸು ನಿಡಘಟ್ಟದ ಮೇಲೇ ಓಯ್ತದಲ್ಲ, ಸೆರಗು ಮುಚ್ಕಂಡು ಕೂತ್ಕತೀನಿ” ಎಂದಳು.

ಮಾರನೇ ದಿನದ ಬಸ್ಸಿಗೆ ಮೂರನೇ ಸೀಟು ಕೊಟ್ಟೆ. ಷರಾದಲ್ಲಿ ‘ನಿಡಘಟ್ಟದ ಸೊಸೆ, ಆಪರೇಶನ್’ ಎಂದು ಬರೆದೆ. ಬರೆದವಳು ನಾನೇ, ತಪ್ಪನ್ನು ಬೇರೆ ಯಾರ ಮೇಲೂ ಹಾಕುವುದಿಲ್ಲ.

ಅವತ್ತು ಸಂಜೆ ಪೇದೆ ಬುಕ್ಕನ್ನು ಠಾಣೆಗೆ ಒಯ್ಯುವ ಮುಂಚೆ ಹೋಟೆಲಿನಲ್ಲಿ ಕೂತು, ವಡೆ ತಿನ್ನುತ್ತ, ಸೀಟು ಷರಾ ಎಲ್ಲವನ್ನೂ ಗಟ್ಟಿಯಾಗಿ ಓದಿದ. ಕೇಳಿದವರಲ್ಲಿ ಒಬ್ಬ ನಿಡಘಟ್ಟದವನು, ಕಾಫಿಯನ್ನೂ ಮುಗಿಸದೆ ಊರಿಗೆ ಹೊರಟನಂತೆ. ಹೂ ಮಾರುವವಳು ಓಡಿಬಂದು ಹೇಳಿದಳು. ನಾನು ನೇರ ಹುಡುಗಿಯ ತವರುಮನೆಗೆ ಹೋದೆ.

“ನಿಮ್ಮತ್ತೆ ಕಿವಿಗೆ ಬಿದ್ದೋಯ್ತು ಕಣಮ್ಮ. ಬಸ್ಸು ಬ್ಯಾಡ, ಬೆಳಿಗ್ಗೆ ರೈಲಿಗೋಗು. ಅಲ್ಲಿ ಕಾಸು ಕೇಳ್ತಾರೆ, ಕತೆ ಕೇಳಕಿಲ್ಲ.”

ಮಾರನೇ ಬೆಳಿಗ್ಗೆ ಅವಳು ರೈಲು ಹತ್ತಿದಳು. ಖಾಲಿಯಾದ ಸೀಟಿಗೆ ಬಂದವನು ಯಾರು? ಅದೇ ಪೇದೆ, ಮಫ್ತಿಯಲ್ಲಿ.

“ಬೆಂಗ್ಳೂರು ಆಸ್ಪತ್ರೆಗೋಯ್ತೀನಿ ಕಣಕ್ಕ. ಮೂಲವ್ಯಾಧಿ. ವಸಿ ಮೆತ್ತಗಿರೋ ಸೀಟು ಕೊಡು” ಎಂದು ಕಿವಿಯಲ್ಲಿ ಹೇಳಿದ.

ಮೂರನೆಯದೇ ಮೆತ್ತಗಿನದು. ಹಳೆಯ ಸಾಲು ಹೊಡೆದು, ಹೊಸ ಷರಾ ಬರೆದು, ಕಂಡಕ್ಟರನ ಚೀಟಿಗೂ ಇಳಿಸಿದೆ.

ಮುಂದಿನದನ್ನು ಕಂಡಕ್ಟರ್ ಹೇಳಿದ. ನಿಡಘಟ್ಟದಲ್ಲಿ ಅತ್ತೆ ಬಸ್ಸಿಗೆ ಅಡ್ಡ ನಿಂತಳಂತೆ. ಹತ್ತಿದವಳೇ ಮೂರನೇ ಸೀಟಿನಲ್ಲಿ ಟವೆಲು ಹೊದ್ದು ಮಲಗಿದ್ದವನ ತಲೆಗೆ ಕೈ ಹಾಕಿ, “ಇಳಿಯೇ ಕೆಳಕ್ಕೆ! ನಮ್ಮ ವಂಸ ಮುರಿಯಾಕೆ ಓಯ್ತಿದ್ದೀಯಾ?” ಎಂದು ಎಳೆದಳಂತೆ. ಟವೆಲಿನ ಒಳಗೆ ಮೀಸೆ!

“ಆಪ್ರೇಸನ್ನೋಳು ಎಲ್ಲಿ?” ಎಂದು ಕಂಡಕ್ಟರನ ಮೇಲೆ ಬಿದ್ದಳು. ಅವನು ಚೀಟಿ ನೋಡಿ ಇಡೀ ಬಸ್ಸಿಗೆ ಕೇಳುವ ಹಾಗೆ, “ಇಲ್ಲಿ ಯಾವ ಆಪ್ರೇಸನ್ನೂ ಇಲ್ಲ ಕಣವ್ವ, ಇವರದು ಮೂಲವ್ಯಾಧಿ” ಎಂದ.

ಮೂರನೇ ದಿನ ಪೇದೆ ನನ್ನ ಮೇಜಿನ ಮುಂದೆ ನಿಂತ. ಕೂರಲಿಲ್ಲ.

“ಮಾನ ಓಯ್ತು ಕಣಕ್ಕ. ಆ ಸಾಲು ಅಳಿಸ್ಬುಡು.”

“ಒಂದಕ್ಸರ ಅಳಿಸಂಗಿಲ್ಲ ಅಂದೋನು ನೀನೇ ಅಲ್ವೇನಪ್ಪ?”

“ಅದು ಕಳ್ರಿಗೆ ಏಳಿದ್ದು!”

“ಆ ಹೆಣ್ಮಗ ಏನು ಕದ್ದಿದ್ಲು?”

ಕಡೆಗೆ ಒಪ್ಪಂದವಾಯಿತು: ಕಳುವಾದ ದಿನದ ಹಾಳೆ ಮಾತ್ರ ನೋಡಬೇಕು, ಅದೂ ನನ್ನ ಮೇಜಿನ ಮುಂದೆಯೇ, ಬಾಯಿ ಮುಚ್ಚಿಕೊಂಡು. ಅವನ ಸಾಲಿನ ಮೇಲೆ ಮಸಿ ಸುರಿದೆ.

ಅವತ್ತಿನಿಂದ ಷರಾ ಬರೆಯುವುದನ್ನು ಬಿಟ್ಟು ಕಂಡಕ್ಟರನಿಗೆ ಬಾಯಲ್ಲೇ ಹೇಳತೊಡಗಿದೆ. ಅವನು ಮರೆಯುತ್ತಿದ್ದ. ಒಬ್ಬ ಬಸುರಿ ಚಕ್ರದ ಮೇಲೆ ಕೂತು ಬೆಂಗಳೂರಿನ ತನಕ ಕುಲುಕಿ, ವಾಪಸು ಬಂದು ನನ್ನ ಜನ್ಮ ಜಾಲಾಡಿದಳು. ಅವಳು ಬೈದಿದ್ದು ತಪ್ಪಲ್ಲ. ಸರ ಕದ್ದವನು ಸಿಗಲೇ ಇಲ್ಲ.

ಹುಡುಗಿ ಆಪರೇಶನ್ ಮುಗಿಸಿ ಬಂದಳು. ಆಪರೇಶನ್ ಸುದ್ದಿ ಸುಳ್ಳೆಂದು ನಂಬಿದ ಅತ್ತೆ ಗಂಡು ಮೊಮ್ಮಗನಿಗಾಗಿ ಇನ್ನೂ ವರ್ಷಗಟ್ಟಲೆ ದೇವರಿಗೆ ಹರಕೆ ಹೊರುತ್ತಲೇ ಇದ್ದಳು. ದೇವರೂ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ.