ದೂರ ಹೊಂಟೀರೇನು?

ಮನೆಯಿಂದ ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ. ‘ದೂರ ಹೊಂಟೀರೇನು?’ ಅನ್ನಬೇಕು. ವಿಜಯಪುರದ ಮಲ್ಲಿನಾಥನ ಹೆಂಡತಿ ರುಕ್ಮವ್ವ ಈ ವಿಷಯದಲ್ಲಿ ಬಲು ಗಟ್ಟಿ. ಮದುವೆಯಾದಾಗಿನಿಂದ ಒಮ್ಮೆಯೂ ತಪ್ಪಿದವಳಲ್ಲ. ಅದೇ ಧೈರ್ಯದ ಮೇಲೆ ಈ ಮಹಾಶಯ ಸಮುದ್ರ ನೋಡಲು ಹೊರಟಿದ್ದ. ಅದೂ ಸೈಕಲ್ ಮೇಲೆ!

ಕಾಲೇಜೊಂದರಲ್ಲಿ ಜೀವಮಾನವಿಡೀ ಗಂಟೆ ಬಾರಿಸಿದ ಜವಾನ ಆತ. ಊರಿನ ಮಕ್ಕಳನ್ನೆಲ್ಲ ಹೊತ್ತಿಗೆ ಸರಿಯಾಗಿ ಮನೆಗೆ ಬಿಟ್ಟ, ತಾನು ಮಾತ್ರ ಎಲ್ಲಿಗೂ ಹೋಗಲಿಲ್ಲ. ನಿವೃತ್ತಿಯಾದದ್ದೇ ತಡ, ಕಾರವಾರದ ತನಕ ತುಳಿದುಕೊಂಡು ಹೋಗಿ ಸಮುದ್ರದಲ್ಲಿ ಕಾಲಿಡಬೇಕೆಂಬ ಹುಚ್ಚು ಹತ್ತಿತು. ಸ್ಟೇಷನ್ ರಸ್ತೆಯ ಸೈಕಲ್ ಅಂಗಡಿಯಲ್ಲಿ ಹೇಳಿದ. ಚಹಾದಂಗಡಿಯಲ್ಲಿ ಹೇಳಿದ. ಟಿಕೋಟಾದ ಗೆಳೆಯ ಪರಸಪ್ಪನಿಗೂ ಹೇಳಿದ. ಹೆಂಡತಿಯ ಮುಂದೆ ಮಾತ್ರ ಬಾಯಿ ಏಳಲಿಲ್ಲ. ಅವಳು ಬೇಡ ಅಂದರೆ ಮುಗಿಯಿತು, ಮೀರಿ ಹೋಗುವ ಗಂಡೆದೆ ಅವನದಲ್ಲ. ಸಂಜೆ ಜೈನಾಪುರದ ತಂಗಿ ತಾಯವ್ವನ ಮನೆ ಮುಟ್ಟಿ, ಅಲ್ಲಿಂದ ಫೋನಿನಲ್ಲಿ ಹೇಳಿದರಾಯಿತು ಅಂದುಕೊಂಡ.

ಬೆಳಿಗ್ಗೆ ರುಕ್ಮವ್ವ ಮೆತ್ತನ್ನ ರೊಟ್ಟಿ, ಶೇಂಗಾ ಚಟ್ನಿಯ ಗಂಟು ತಂದು ಕೊಟ್ಟಳು. “ದೂರ ಹೊಂಟೀರೇನ್ರಿ?”

“ಹ್ಞೂಂ, ಟಿಕೋಟಾದ ಕಡಿ.”

ಸುಳ್ಳೇನಲ್ಲವಲ್ಲ!

ಟಿಕೋಟಾದಲ್ಲಿ ಪರಸಪ್ಪ ಹಾರ ಹಾಕಿ, ಚಹಾ ಕೊಡಿಸಿ, ಬೆನ್ನು ತಟ್ಟಿದ. “ನಿನ್ನ ಹೆಣ್ತಿ ದೊಡ್ಡ ಮನಸ್ಸಿನಾಕಿ ಬಿಡೋ. ನಮ್ಮಾಕಿ ಆಗಿದ್ರ ಗಾಲಿ ಬಿಚ್ಚಿ ಅಟ್ಟದ ಮ್ಯಾಲ ಇಡತಿದ್ಲು. ಈಗರೆ ಫೋನ್ ಮಾಡಿದ್ಲು, ಮುಟ್ಟ್ಯಾರೇನು ಅಂತ. ಕಾರವಾರಕ್ಕ ಹೊಂಟ ಗಂಡಸಿಗೆ ಟಿಕೋಟಾ ಏನ ದೊಡ್ಡದವ್ವ, ರಾತ್ರಿ ಜೈನಾಪುರದಾಗ ತಂಗಿ ಮನಿ ಮುಟ್ಟತಾನ ಅಂದೆ.”

ಚಹಾ ನೆತ್ತಿಗೇರಿತು. ಮಲ್ಲಿನಾಥ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಂಡ. “ಏನಂದ್ಲು?”

“ಏನೂ ಅನ್ನಲಿಲ್ಲಪಾ. ಫೋನ್ ಇಟ್ಟಳು.”

ಬೈದಿದ್ದರೆ ಎಷ್ಟೋ ಬೇಕಿತ್ತು. ಫೋನ್ ಹಚ್ಚಿದ, ರಿಂಗಾಗಿ ರಿಂಗಾಗಿ ನಿಂತಿತು. ತಿರುಗಿ ಮನೆಗೆ ಹೋಗಲೇ? ಆ ಮುಖ ಎದುರಿಸುವುದು ಹೇಗೆ? ಪುಕ್ಕಲು ನನ್ನ ಮಗ, ಸೈಕಲನ್ನು ಬಬಲೇಶ್ವರದ ಕಡೆಗೇ ತಿರುಗಿಸಿದ. ಎದುರುಗಾಳಿಗೆ ತೊಡೆ ಬಿಗಿದು ಕಲ್ಲಾದವು. ಬಬಲೇಶ್ವರದಲ್ಲಿ ಮತ್ತೆ ಹಚ್ಚಿದರೆ ಫೋನ್ ಬಂದ್. ಹಸಿವು ಸತ್ತುಹೋಯಿತು, ರೊಟ್ಟಿಯ ಗಂಟು ಬಿಚ್ಚಲೇ ಇಲ್ಲ.

ಜೈನಾಪುರ ಮುಟ್ಟಿದಾಗ ಹೊತ್ತು ಇಳಿದಿತ್ತು. ತಂಗಿಯ ಮನೆಯೊಳಗೆ ಯಾರೋ ರೊಟ್ಟಿ ಬಡಿಯುತ್ತಿದ್ದರು. ಎರಡು ಜೋರು ಏಟು, ಒಂದು ಸಣ್ಣ ಏಟು. ಮಲ್ಲಿನಾಥ ಬ್ರೇಕ್ ಹಿಡಿದು ನಿಂತೇಬಿಟ್ಟ. ಇದು ತಾಯವ್ವನ ಕೈಯಲ್ಲ. ಇಷ್ಟು ವರ್ಷ ದಿನಾ ಬೆಳಿಗ್ಗೆ ಅವನನ್ನು ಎಬ್ಬಿಸಿದ ಸದ್ದು ಅದು!

ಹಿಟ್ಟಿನ ಕೈಯಲ್ಲೇ ರುಕ್ಮವ್ವ ಹೊಸ್ತಿಲಿಗೆ ಬಂದಳು. ಸೈಕಲ್ ಮೇಲಿದ್ದ ಗಂಡನ ಮುಖವನ್ನೇ ನೋಡಿ ಕೇಳಿದಳು:

“ಎಲ್ಲಿಗಿ ಹೊಂಟೀರಿ?”

ತಾಯವ್ವ ಒಳಗಿನಿಂದ ಓಡಿಬಂದಳು. “ಯವ್ವಾ, ವೈನಿ! ಬಾಯಾಗ ಅದೆಂಥಾ ಮಾತಬೇ! ಅಣ್ಣಾ, ಇಳಿ, ಕುಂತು ನೀರ ಕುಡಿ.”

ಹಾಗೆ ಕೇಳಿಸಿಕೊಂಡವನು ಇಳಿಯಬೇಕು, ಕೂತು ನೀರು ಕುಡಿಯಬೇಕು, ಹೊಸದಾಗಿ ಹೊರಡಬೇಕು. ರುಕ್ಮವ್ವ ತಾನೇ ತಂಬಿಗೆ ತಂದಳು. ಅವನು ಕಟ್ಟೆಯ ಮೇಲೆ ಕೂತು ಗಟಗಟ ಕುಡಿದ.

“ಸಮುದ್ರ ನೋಡಾಕ,” ಅಂದ ತಲೆ ತಗ್ಗಿಸಿ. “ಕಾರವಾರಕ್ಕ.”

“ಅಲ್ರೀ, ಊರಿಗೆಲ್ಲ ಹೇಳೀರಿ. ನಾ ಎಲ್ಲಿಗಿ ಅಂತ ಕೇಳದ ಇದ್ದದ್ದು ನಿಮಗ ಒಳ್ಳೇದಾಗ್ಲಿ ಅಂತ. ನೀವು ಮುಚ್ಚಿಡ್ಲಿ ಅಂತ ಅಲ್ಲ.” ಅವಳು ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡಳು. “ಸಮುದ್ರ ನಾನರೆ ಎಲ್ಲಿ ನೋಡೀನ್ರಿ?”

ದಿನವಿಡೀ ಬಿದ್ದ ಪೆಟ್ಟುಗಳೆಲ್ಲ ಒಂದು ತೂಕ, ಇದೊಂದೇ ಒಂದು ತೂಕ. ಅವಳೂ ನೋಡಿಲ್ಲವೆಂಬುದು ಈ ಮನುಷ್ಯನ ತಲೆಗೆ ಒಂದು ದಿನವೂ ಹೊಳೆದಿರಲಿಲ್ಲ.

ಮಧ್ಯಾಹ್ನದಿಂದ ಸಿಟ್ಟಿನಲ್ಲಿ ಬಡಿದ ಖಡಕ್ ರೊಟ್ಟಿಗಳನ್ನು ರುಕ್ಮವ್ವ ಬಟ್ಟೆಯಲ್ಲಿ ಕಟ್ಟತೊಡಗಿದಳು. ಒಂದು ಗಂಟು ಕಟ್ಟಿ ಸೈಕಲ್ಲಿನ ಕ್ಯಾರಿಯರ್ ಮೇಲಿಟ್ಟಳು. ಇನ್ನೊಂದನ್ನು ತಾನು ಬಸ್ಸಿನಲ್ಲಿ ಬರುವಾಗ ತಂದಿದ್ದ ಚೀಲಕ್ಕೆ ತುರುಕಿದಳು.

ಮಲ್ಲಿನಾಥ ಆ ಚೀಲ ನೋಡಿದ, ಹೆಂಡತಿಯ ಮುಖ ನೋಡಿದ. ‘ಎಲ್ಲಿಗಿ’ ಎಂಬ ಮಾತು ತುಟಿಯವರೆಗೆ ಬಂತು. ಅದನ್ನು ನುಂಗಿಕೊಂಡ.

“ದೂರ ಹೊಂಟೀಯೇನ?”

“ಹ್ಞೂಂ,” ಅಂದಳು ರುಕ್ಮವ್ವ. “ದೂರ.”